ನಾಟಿ ವೈದ್ಯವೂ ಆಯುಷ್ ಪದ್ಧತಿಗಳೂ
ಇವೆರಡೂ ಒಂದೇ ಅಲ್ಲ. ಗೊಂದಲವಾಗುವುದು ಹೆಚ್ಚಾಗಿ ಇಲ್ಲೇ. ಆಯುರ್ವೇದ, ಯುನಾನಿ, ಸಿದ್ಧ ಮುಂತಾದವು ಗ್ರಂಥಸ್ಥ ಪದ್ಧತಿಗಳು. ಅವುಗಳಿಗೆ ಕೇಂದ್ರದಲ್ಲಿ ಪ್ರತ್ಯೇಕ ಇಲಾಖೆ ಬಂದದ್ದು 1995ರಲ್ಲಿ. ಆಯುಷ್ ಎಂಬ ಹೆಸರು 2003ರಲ್ಲಿ. ಸಚಿವಾಲಯ 2014ರ ನವೆಂಬರ್ 9ರಂದು.

ಮೂಳೆ ಕಟ್ಟುವವರು, ಕಾಮಾಲೆಗೆ ನೆಲನೆಲ್ಲಿ ಅರೆದು ಕೊಡುವವರು, ಸೂಲಗಿತ್ತಿಯರು ಮೊದಲಾದ ನಾಟಿ ವೈದ್ಯರು ಈ ಚೌಕಟ್ಟಿನ ಹೊರಗಿದ್ದಾರೆ. ಅವರ ವಿದ್ಯೆ ಬಾಯಿಂದ ಬಾಯಿಗೆ ಬಂದದ್ದು, ಹಾಗೆಂದು ಕಡೆಗಣಿಸುವಂಥದ್ದಲ್ಲ: ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಸಂದಿತು. ನಾಟಿ ವೈದ್ಯದಲ್ಲೂ ಬಳಸುವ ಸರ್ಪಗಂಧದ ಬೇರಿನಿಂದ ರಕ್ತದೊತ್ತಡದ ಔಷಧ ರಿಸರ್ಪಿನ್ ದೊರೆಯಿತು. ಸ್ಥಳೀಯ ಗಿಡಮೂಲಿಕೆ ಜ್ಞಾನವನ್ನು 2002ರ ಜೀವವೈವಿಧ್ಯ ಕಾಯ್ದೆಯಡಿ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ಬರೆದಿಡಬೇಕು.

ವಿಷದ ಹಾವು ಕಡಿದಾಗ ಮಾತ್ರ ಬೇರು, ಮಂತ್ರ ಎಂದು ಹೊತ್ತು ಕಳೆಯುವಂತಿಲ್ಲ. ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷವೇ ಅದಕ್ಕೆ ಮದ್ದು.