ಜೋಡಿ ಹೋಲಿಕೆಯ ಲೆಕ್ಕ

ಬಿತ್ತನೆಗೆ ಮೊದಲು ಬಾರ್ಲಿ ಬೀಜವನ್ನು ಬೆಂಕಿಯ ಕಾವಿನಲ್ಲಿ ಒಣಗಿಸಿದರೆ ಇಳುವರಿ ಹೆಚ್ಚುವುದೇ? ಹೆಚ್ಚುವುದಾದರೆ ರೈತನು ಸೌದೆಗೂ ಕೂಲಿಗೂ ವೆಚ್ಚ ಮಾಡಬಹುದು; ಇಲ್ಲವಾದರೆ ಆ ಹಣ ನಷ್ಟವೇ ಸರಿ. ಇದನ್ನರಿಯಲು 1899ರಲ್ಲಿ ಏಳು, 1900ರಲ್ಲಿ ನಾಲ್ಕು ತಳಿಗಳನ್ನು ಆಯ್ದು, ಪ್ರತಿಯೊಂದರಲ್ಲಿಯೂ ಒಣಗಿಸಿದ ಬೀಜವನ್ನೂ ಒಣಗಿಸದ ಬೀಜವನ್ನೂ ಬಿತ್ತಿದರು. ಡಬ್ಲಿನ್ನಿನ ಗಿನ್ನೆಸ್ ಮದ್ಯ ತಯಾರಿಕಾ ಸಂಸ್ಥೆಯಲ್ಲಿದ್ದ ಡಬ್ಲ್ಯು. ಎಸ್. ಗಾಸೆಟ್ 1908ರಲ್ಲಿ ‘ಸ್ಟೂಡೆಂಟ್’ ಎಂಬ ಗುಪ್ತನಾಮದಿಂದ ಪ್ರಕಟಿಸಿದ ಲೇಖನದಲ್ಲಿ ಈ ಅಂಕಿಗಳನ್ನು ಪರಿಶೀಲಿಸಿದನು.

ಒಣಗಿಸಿದ ಬೀಜದ ಸರಾಸರಿ ಇಳುವರಿ ಎಕರೆಗೆ 1875 ಪೌಂಡು, ಒಣಗಿಸದುದರದು 1841. ಹೆಚ್ಚಳ ಸುಮಾರು 34 ಪೌಂಡು. ಆದರೆ ಇಳುವರಿಗಳು 1316ರಿಂದ 2496ರವರೆಗೆ ಹರಡಿಕೊಂಡಿವೆ. ಎರಡು ಗುಂಪುಗಳನ್ನು ಬೇರೆಬೇರೆಯಾಗಿ ಎಣಿಸಿದರೆ ಈ ಅಂತರದ ಮಾನಕ ದೋಷ ಸುಮಾರು 144 ಪೌಂಡು. ಅದರ ಮುಂದೆ 34 ಎಷ್ಟರದು?

ಆದರೆ ಈ ಹರವಿಗೆ ಬಹುಪಾಲು ಕಾರಣ ತಳಿಯ ಮತ್ತು ವರ್ಷದ ಭೇದ. ಒಂದೇ ಜೋಡಿಯ ಎರಡು ಮಡಿಗಳಿಗೂ ಅವು ಸಮಾನ. ಆದುದರಿಂದ ಪ್ರತಿ ಜೋಡಿಯಲ್ಲಿ ಒಣಗಿಸಿದುದರಿಂದ ಒಣಗಿಸದುದನ್ನು ಕಳೆದರೆ ಆ ಭೇದಗಳೂ ಕಳೆದುಹೋಗುವುವು. ಉಳಿಯುವ ವ್ಯತ್ಯಾಸಗಳು ಇವು:

+106, −20, +101, −33, +72, −36, +62, +38, −70, +127, +24.

ಇವುಗಳ ಮೊತ್ತ 371, ಸರಾಸರಿ 33.7. ಪ್ರತಿ ವ್ಯತ್ಯಾಸವೂ ಸರಾಸರಿಯಿಂದ ಎಷ್ಟು ದೂರವಿದೆಯೆಂದು ಕಂಡು, ಆ ದೂರಗಳ ವರ್ಗಗಳನ್ನು ಕೂಡಿಸಿದರೆ ಸುಮಾರು 43,786. ಜೋಡಿಗಳ ಸಂಖ್ಯೆಗಿಂತ ಒಂದು ಕಡಿಮೆಯಾದ 10ರಿಂದ ಇದನ್ನು ಭಾಗಿಸಿ ವರ್ಗಮೂಲ ತೆಗೆದರೆ 66.2 ಬರುವುದು. ಇದನ್ನು 11ರ ವರ್ಗಮೂಲದಿಂದ ಭಾಗಿಸಿದರೆ ಮಾನಕ ದೋಷ ಸುಮಾರು 20 ಪೌಂಡು. ಅದೇ ಅಂಕಿಗಳು, ಅದೇ ಬೆಳೆ. ಆದರೂ ಅಳತೆ ಏಳು ಪಟ್ಟು ಸೂಕ್ಷ್ಮವಾಯಿತು!

ಈಗ 33.7ನ್ನು ಮಾನಕ ದೋಷದಿಂದ ಭಾಗಿಸಿರಿ: 1.69. ಆರ್. ಎ. ಫಿಷರ್ ಮುಂದೆ ಪರಿಷ್ಕರಿಸಿದ ರೂಪದಲ್ಲಿ ಇದೇ ‘ಟಿ’ ಎಂಬ ಪ್ರಮಾಣ. ಹನ್ನೊಂದು ಜೋಡಿಗಳಿಗೆ ವಾಡಿಕೆಯ ಗಡಿ 2.23. ಒಣಗಿಸುವುದರಿಂದ ಏನೂ ಪರಿಣಾಮವಿಲ್ಲದಿದ್ದರೂ, ಧನವಾಗಲಿ ಋಣವಾಗಲಿ, 1.69ರಷ್ಟು ಅಥವಾ ಅದಕ್ಕಿಂತ ದೊಡ್ಡ ಬೆಲೆ ನೂರರಲ್ಲಿ ಸುಮಾರು ಹನ್ನೆರಡು ಸಲ ಆಕಸ್ಮಿಕವಾಗಿಯೇ ಬರಬಹುದು. ಆದಕಾರಣ ಒಣಗಿಸುವುದು ಲಾಭಕರವೆಂದು ಈ ಪ್ರಯೋಗದಿಂದ ಸಿದ್ಧವಾಗಲಿಲ್ಲ. ನಿಷ್ಪ್ರಯೋಜಕವೆಂದೂ ಸಿದ್ಧವಾಗಲಿಲ್ಲವೆಂಬುದನ್ನು ವಾಚಕರು ಮರೆಯಬಾರದು. ಹೆಚ್ಚು ಜೋಡಿಗಳು ಬೇಕು, ಅಷ್ಟೆ.

ಎರಡು ತಳಿಗಳನ್ನು ಹೋಲಿಸುವಾಗಲೂ ಕ್ರಮ ಇದೇ. ಅವನ್ನು ಅಕ್ಕಪಕ್ಕದ ಮಡಿಗಳಲ್ಲಿ ಬಿತ್ತಿ, ಯಾವ ಮಡಿ ಯಾವುದಕ್ಕೆಂಬುದನ್ನು ಚೀಟಿಯೆತ್ತಿ ನಿರ್ಧರಿಸಬೇಕು. ಜೋಡಿಯನ್ನು ಕಟ್ಟಬೇಕಾದದ್ದು ಬಿತ್ತುವ ಮೊದಲು. ಕೊಯ್ಲಾದ ಮೇಲೆ ಕಾಗದದ ಮೇಲೆ ಮನಬಂದಂತೆ ಕಟ್ಟಿದ ಜೋಡಿಯಿಂದ ಫಲವಿಲ್ಲ.