ಬೀದಿ ಉಳಿದರೆ ಅಂಗಡಿ ಉಳಿದೀತು

1960ರ ದಶಕದಲ್ಲಿ ಕೆನಡಾದ ಟೊರಾಂಟೊ ನಗರದ ಬ್ಲೂರ್ ವೆಸ್ಟ್ ವಿಲೇಜ್ ಪೇಟೆಗೆ ಎರಡು ಹೊಡೆತಗಳು ಬಿದ್ದವು. ಹೊಸ ಮಾಲ್‌ಗಳು ಗ್ರಾಹಕರನ್ನು ಸೆಳೆದವು. ಟ್ರಾಮಿನ ಬದಲಿಗೆ ಸುರಂಗ ರೈಲು ಬಂದು ಬೀದಿಯ ಜನಸಂಚಾರ ತಗ್ಗಿತು. ಸ್ವಯಂಪ್ರೇರಿತ ವಂತಿಗೆಯಿಂದ ಪೇಟೆಯನ್ನು ಸುಧಾರಿಸುವುದು ಕಠಿಣ. ಕೆಲವರು ಕೊಟ್ಟರೆ, ಕೊಡದವರೂ ಅದರ ಫಲವನ್ನು ಉಣ್ಣುತ್ತಾರೆ.

ಇದಕ್ಕೆ ಪರಿಹಾರವಾಗಿ 1970ರಲ್ಲಿ ಅಲ್ಲಿ ಕಾನೂನಿನ ಬಲವುಳ್ಳ ವ್ಯಾಪಾರ ಸುಧಾರಣಾ ವಲಯವು ಸ್ಥಾಪನೆಯಾಯಿತು. ಜಗತ್ತಿನಲ್ಲಿ ಇದೇ ಮೊದಲನೆಯದು. ಗೊತ್ತುಪಡಿಸಿದ ಎಲ್ಲೆಯೊಳಗಿನ ಎಲ್ಲ ವಾಣಿಜ್ಯ ಸ್ವತ್ತುಗಳ ಮೇಲೆ ವಿಶೇಷ ಕರ ವಿಧಿಸಲಾಗುತ್ತದೆ. ನಗರಾಡಳಿತವು ಅದನ್ನು ವಸೂಲು ಮಾಡಿ ವಲಯದ ಮಂಡಳಿಗೆ ಒಪ್ಪಿಸುತ್ತದೆ. ದೀಪ, ಆಸನ, ಹೂಕುಂಡ, ಉತ್ಸವಗಳಿಗೆ ಹಣವು ಅದೇ ಬೀದಿಯಲ್ಲಿ ವಿನಿಯೋಗವಾಗುತ್ತದೆ. ಬೆಳಕಿನ ಕಾಲುದಾರಿ, ಕೂರಲು ತಾಣ ಇವು ಗ್ರಾಹಕರಿಗಷ್ಟೇ ಅಲ್ಲ, ನೆರೆಯ ನಿವಾಸಿಗಳಿಗೂ ಉಪಯುಕ್ತ.

ಆದರೆ ಕಡ್ಡಾಯ ಕರವು ಸಣ್ಣ ವರ್ತಕರಿಗೆ ಹೊರೆಯಾಗಬಹುದು. ಮಾಲೀಕರು ಅದನ್ನು ಬಾಡಿಗೆಗೆ ಸೇರಿಸುವುದೂ ಉಂಟು. ಇಂಗ್ಲೆಂಡಿನ ವ್ಯವಸ್ಥೆ ಇಲ್ಲಿ ಗಮನಾರ್ಹ. ಕರ ತೆರುವವರ ಮತದಾನದಲ್ಲಿ ಪ್ರಸ್ತಾವವು ಎರಡು ಬಹುಮತ ಗಳಿಸಬೇಕು: ಮತಗಳ ಸಂಖ್ಯೆಯಲ್ಲಿ ಹಾಗೂ ಸ್ವತ್ತಿನ ಕರಮೌಲ್ಯದಲ್ಲಿ. ಹೀಗಾಗಿ ದೊಡ್ಡವರು ಸಣ್ಣವರ ಮೇಲಾಗಲಿ, ಸಣ್ಣವರು ದೊಡ್ಡವರ ಮೇಲಾಗಲಿ ತಮ್ಮ ಇಚ್ಛೆಯನ್ನು ಹೇರಲಾಗದು. ಅವಧಿ ಗರಿಷ್ಠ 5 ವರ್ಷ. ಮುಂದುವರಿಯಲು ಮರುಮತದಾನ ಅಗತ್ಯ.

ಇನ್ನೊಂದು ಎಚ್ಚರವೂ ಬೇಕು. ನಗರಾಡಳಿತದ ನಿತ್ಯದ ಕರ್ತವ್ಯಗಳಿಗೆ ಈ ಹಣ ಬದಲಿಯಾಗಬಾರದು. ಈಗ ದೊರೆಯುತ್ತಿರುವ ಸೇವೆಗಳನ್ನು ಮೊದಲೇ ಲಿಖಿತ ರೂಪದಲ್ಲಿ ದಾಖಲಿಸಿಕೊಂಡರೆ, ವರ್ತಕರು ಒಂದೇ ಕೆಲಸಕ್ಕೆ ಎರಡು ಬಾರಿ ತೆರುವ ಪ್ರಸಂಗ ತಪ್ಪುತ್ತದೆ.