ಉಬ್ಬಸದ ಔಷಧಿ: ಉಪಶಮನ ಮತ್ತು ಎಚ್ಚರಿಕೆ

ಉಬ್ಬಸ ಅಥವಾ ಆಸ್ತಮಾ ಇರುವವರ ಶ್ವಾಸನಾಳಗಳು ಧೂಳು, ಹೊಗೆ, ತಂಪು ಗಾಳಿ ಮುಂತಾದ ಅಲ್ಪ ಪ್ರಚೋದನೆಗೂ ಬಿಗಿದುಕೊಳ್ಳುತ್ತವೆ. ಆರೋಗ್ಯವಂತರಲ್ಲಿ ಅಷ್ಟರಿಂದ ಯಾವ ತೊಂದರೆಯೂ ಆಗದು. ಈ ಸ್ವಭಾವಕ್ಕೆ ಶ್ವಾಸನಾಳದ ಅತಿಪ್ರತಿಕ್ರಿಯೆ ಎಂದು ಹೆಸರು. ಉಸಿರಾಟವನ್ನು ಸರಾಗಗೊಳಿಸುವ ಕೆಲವು ಔಷಧಿಗಳೇ ಇದನ್ನು ಹೆಚ್ಚಿಸಬಲ್ಲವೆಂಬುದು ಪ್ರಾಣಿಗಳ ಮೇಲಿನ ಪ್ರಯೋಗಗಳಿಂದ ತಿಳಿದುಬಂದಿದೆ.

ಗಿನಿಪಿಗ್ ನೀಡಿದ ಸುಳಿವು

ಗಿನಿಪಿಗ್ ಎಂಬ ಪುಟ್ಟ ಪ್ರಾಣಿಯ ಶ್ವಾಸನಾಳದ ಸ್ನಾಯುಗಳು ಹಿಸ್ಟಮಿನ್ ಎಂಬ ರಾಸಾಯನಿಕಕ್ಕೆ ಬೇಗನೆ ಸ್ಪಂದಿಸುತ್ತವೆ. ಆದುದರಿಂದ ಇಂತಹ ಅಧ್ಯಯನಗಳಿಗೆ ಅದನ್ನು ಬಹುಕಾಲದಿಂದ ಬಳಸಲಾಗುತ್ತಿದೆ. ಐಸೊಪ್ರೆನಲಿನ್ ಎಂಬುದು ಈ ಸ್ನಾಯುಗಳನ್ನು ಸಡಿಲಿಸುವ ಔಷಧಿ. 1990ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಇದನ್ನು ಗಿನಿಪಿಗ್‌ಗಳ ರಕ್ತನಾಳಕ್ಕೆ ನೀಡಲಾಯಿತು. ಅನಂತರ ಅವುಗಳ ಶ್ವಾಸನಾಳಗಳು ಪ್ರಚೋದಕಗಳಿಗೆ ಮೊದಲಿಗಿಂತ ಹೆಚ್ಚು ಬಿಗಿಯತೊಡಗಿದವು.

ಮನುಷ್ಯರಲ್ಲಿ ಕಂಡುದು

ಪ್ರಾಣಿಗಳಲ್ಲಿ ಕಂಡುದೆಲ್ಲವೂ ಮನುಷ್ಯರಿಗೆ ಯಥಾವತ್ತಾಗಿ ಅನ್ವಯಿಸುವುದಿಲ್ಲ. ಗಿನಿಪಿಗ್‌ಗೆ ಮನುಷ್ಯರಿಗೆ ಬರುವಂತಹ ಉಬ್ಬಸ ತಾನಾಗಿ ಬರುವುದಿಲ್ಲ. ಆದರೆ ಇದೇ ಗುಂಪಿನ ಔಷಧಿಯ ಬಗ್ಗೆ ರೋಗಿಗಳಿಂದಲೂ ಎಚ್ಚರಿಕೆ ದೊರೆತಿದೆ. ನ್ಯೂಜಿಲೆಂಡಿನಲ್ಲಿ 1976ರಲ್ಲಿ ಫೆನೊಟೆರಾಲ್ ಬಳಕೆಗೆ ಬಂದ ಮೇಲೆ ಉಬ್ಬಸದ ಸಾವುಗಳು ತೀವ್ರವಾಗಿ ಏರಿದವು. ಈ ಎರಡಕ್ಕೂ ಸಂಬಂಧವಿದೆಯೆಂದು 1989ರ ಅಧ್ಯಯನವೊಂದು ಸೂಚಿಸಿತು. ಔಷಧಿಯ ಬಳಕೆಗೆ ನಿರ್ಬಂಧ ಬಂದ ಅನಂತರ ಸಾವುಗಳು ಇಳಿದವು. ಅತಿಪ್ರತಿಕ್ರಿಯೆಯೊಂದೇ ಇದಕ್ಕೆ ಕಾರಣವೆನ್ನಲಾಗದು. ಅಧಿಕ ಪ್ರಮಾಣದ ಔಷಧಿಯು ಹೃದಯದ ಮೇಲೂ ಪರಿಣಾಮ ಬೀರುತ್ತದೆ. ತಾತ್ಕಾಲಿಕ ಉಪಶಮನದಿಂದ ರೋಗದ ಉಲ್ಬಣವು ಮರೆಯಾಗಿ ಚಿಕಿತ್ಸೆ ತಡವಾಗಲೂಬಹುದು.

ರೋಗಿಗಳು ತಿಳಿದಿರಬೇಕಾದುದು

ಭಾರತದಲ್ಲಿ ವ್ಯಾಪಕ ಬಳಕೆಯಲ್ಲಿರುವ ಸಾಲ್ಬುಟಮಾಲ್ ಸಹ ಇದೇ ಗುಂಪಿಗೆ ಸೇರಿದೆ. ಇದು ಬಿಗಿದ ಸ್ನಾಯುವನ್ನು ಸಡಿಲಿಸುತ್ತದೆ. ಆದರೆ ರೋಗದ ಮೂಲವಾದ ಉರಿಯೂತವನ್ನು ಶಮನಗೊಳಿಸುವುದಿಲ್ಲ. ಆ ಕೆಲಸವನ್ನು ಮಾಡುವುದು ಉಸಿರಿನ ಮೂಲಕ ಸೇದುವ ಸ್ಟಿರಾಯ್ಡ್ ಔಷಧಿ. ಆದುದರಿಂದಲೇ, ವಯಸ್ಕರಿಗೂ ಹದಿಹರೆಯದವರಿಗೂ ತತ್‌ಕ್ಷಣ ಉಪಶಮನ ನೀಡುವ ಔಷಧಿಯೊಂದನ್ನೇ ಚಿಕಿತ್ಸೆಯಾಗಿ ಕೊಡಬಾರದೆಂದು ಅಂತರರಾಷ್ಟ್ರೀಯ ‘ಜೀನಾ’ ಮಾರ್ಗಸೂಚಿಯು 2019ರಿಂದ ಹೇಳುತ್ತಿದೆ.

ಉಬ್ಬಸ ಕಾಣಿಸಿಕೊಂಡಾಗ ಭಯದಿಂದ ಉಪಶಮನದ ಔಷಧಿಯನ್ನು ಬಿಡುವುದು ಅಪಾಯಕರ. ಅದು ಪ್ರಾಣರಕ್ಷಕವಾಗಿದೆ. ಆದರೆ ವಾರದಲ್ಲಿ 2ಕ್ಕಿಂತ ಹೆಚ್ಚು ಬಾರಿ ಅದು ಬೇಕಾಗುತ್ತಿದ್ದರೆ ರೋಗವು ಹತೋಟಿಯಲ್ಲಿಲ್ಲವೆಂದು ತಿಳಿಯಬೇಕು. ಆಗ ಅಂಗಡಿಯಿಂದ ಮತ್ತೊಂದು ಇನ್‌ಹೇಲರ್ ತಂದು ಸುಮ್ಮನಾಗದೆ, ವೈದ್ಯರನ್ನು ಕಂಡು ಚಿಕಿತ್ಸೆಯನ್ನು ಮರುಪರಿಶೀಲಿಸಿಕೊಳ್ಳುವುದು ಅಗತ್ಯ.